ಮುತ್ಯಾ ನೇಯ್ದ ಅಮೇರಿಕಾ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ಎರಡೂ ಬದಿಯ ಪಾವರ್‌ಲೂಮುಗಳು ಒಮ್ಮೆಗೇ ನಿಂತು, ಬೆಳಗಿನಿಂದ ತಲೆಯೊಳಗೆ ಕೂತಿದ್ದ ಗದ್ದಲ ಇಳಿದುಹೋಗಿ, ಇಷ್ಟು ಹೊತ್ತು ನಾವೆಲ್ಲ ಕೂಗಿಯೇ ಮಾತಾಡುತ್ತಿದ್ದೆವು ಎಂಬುದು ಆಗ ತಿಳಿಯುತ್ತದೆ. ಮೊನ್ನೆ ಮಂಗಳವಾರ ಮಧ್ಯಾಹ್ನ ಮೊರದಲ್ಲಿ ಕಡಲೆಬೇಳೆ ಹರವಿಕೊಂಡು ಕೂತಿದ್ದೆ. ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗಿ ಮಗ್ಗಗಳ ಸಪ್ಪಳದ ಮೇಲೆ ದನಿ ಏರಿಸಿ ಪಾಠ ಓದುತ್ತಿದ್ದಳು. ಕರೆಂಟು ಹೋಯಿತು. "ಹದಿಮೂರು ವಸಾಹತುಗಳು ಒಟ್ಟುಗೂಡಿ" ಎಂಬ ಅವಳ ಕೂಗು ಖಾಲಿ ಓಣಿಯಲ್ಲಿ ಒಂಟಿಯಾಗಿ ನಿಂತುಬಿಟ್ಟಿತು. ಹುಡುಗಿ ನಾಚಿ ದನಿ ತಗ್ಗಿಸಿದಳು. ಆ ನಿಶ್ಶಬ್ದದಲ್ಲಿ ಎಲ್ಲೋ ಮೂರು ಓಣಿಯಾಚೆ ಒಂದು ಕೈಮಗ್ಗ ಇನ್ನೂ ನಡೆದಿತ್ತು. ಖಟ್. ಸ್ವಲ್ಪ ತಡೆದು, ಖಟ್. ನನ್ನ ಕೈ ಬೇಳೆಯ ಮೇಲೆಯೇ ನಿಂತಿತು. ಆ ವಾಕ್ಯವನ್ನು ಆ ಸಪ್ಪಳದ ಸಂದಿಯಲ್ಲಿ ಹೇಗೆ ಹೇಳಬೇಕೆಂದು ನನಗೆ ಗೊತ್ತಿತ್ತು. ಹದಿಮೂರು ವಸಾಹತುಗಳು, ಖಟ್, ಒಟ್ಟುಗೂಡಿ, ಖಟ್, ತಮ್ಮನ್ನು ತಾವೇ, ಖಟ್. ಹಾಗೆ ಹೇಳುತ್ತಿದ್ದವಳು ನಮ್ಮಪ್ಪನ ತಂಗಿ, ಗೌರತ್ತಿ.

ರಬಕವಿಯ ನಮ್ಮ ಹಳೆಯ ಮನೆಯ ಪಡಸಾಲೆ ಅಂದರೆ ನಾಲ್ಕು ಕುಣಿಮಗ್ಗ, ನಡುವೆ ಒಬ್ಬರು ಓರೆಯಾಗಿ ಹಾಯುವಷ್ಟು ದಾರಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ನೇಕಾರರು ನಮಗೆ ಮಕ್ಕಳಿಗೆ ಯಾವಾಗಲೂ ನಮ್ಮಷ್ಟೇ ಎತ್ತರದವರು. ಕಿಟಕಿಯ ಬೆಳಕು ಬೀಳುವ ಮೊದಲನೆಯ ಮಗ್ಗ ಮುತ್ಯಾನದು, ನಮ್ಮಪ್ಪನ ಅಪ್ಪನದು. ಅದರಾಚೆ ನಮ್ಮಪ್ಪನದು. ಉಳಿದೆರಡರಲ್ಲಿ ಓಣಿಯವರು ಬಂದು ನೇಯುತ್ತಿದ್ದರು. ಬಾಗಿಲ ಹತ್ತಿರ ರಾಟಿ ಹಾಕಿಕೊಂಡು ನಮ್ಮಜ್ಜಿ, ಆಯಿ, ಕೂಡುತ್ತಿದ್ದಳು. ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆಗಳನ್ನು ಸುತ್ತಿ ಸುತ್ತಿ ಬುಟ್ಟಿ ತುಂಬಿಸುವುದು ಅವಳ ಕೆಲಸ. ಮನೆಗೆಲ್ಲ ನೂಲಿಗೆ ಹಚ್ಚುವ ಗಂಜಿಯ ವಾಸನೆ. ನಮ್ಮ ಅರಿವೆಗೆ, ಕೂದಲಿಗೆ, ರೊಟ್ಟಿಗೂ ಅದೇ. ಸಾಲೆಯಲ್ಲಿ ಬೆಂಚಿನ ಮೇಲೆ ಯಾರ ಪಕ್ಕ ಕೂತರೂ ಆ ಮಗು ನೇಕಾರರದೋ ಅಲ್ಲವೋ ಮೂಗೇ ಹೇಳುತ್ತಿತ್ತು. ನಿಮ್ಮಲ್ಲಿ ಯಾರಾದರೂ ಅಂಥ ಮನೆಯಲ್ಲಿ ಬೆಳೆದವರಿದ್ದರೆ ಈಗ ಓದುವುದನ್ನು ನಿಲ್ಲಿಸಿ ಒಮ್ಮೆ ಉಸಿರೆಳೆದುಕೊಂಡಿರುತ್ತೀರಿ. ನನಗೆ ಗೊತ್ತು.

ಗೌರತ್ತಿ ಜಮಖಂಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎ., ಆಮೇಲೆ ಬಿ.ಇಡಿ. ಮುಗಿಸಿದವಳು. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಗಂಡಸರಲ್ಲೂ ಇರಲಿಲ್ಲ. ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದಳು. ಎಂಟರಿಂದ ಹತ್ತರವರೆಗೆ ಇತಿಹಾಸ, ಭೂಗೋಳ ಎಲ್ಲ ಅವಳೇ. ಆದರೆ ಕೆಲಸ ಕಾಯಂ ಇರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ನಾಳೆಯಿಂದ ಬರಬೇಡಿ ಎಂದು ಒಂದು ಕಾಗದ, ಜೂನ್‌ನಲ್ಲಿ ಬನ್ನಿ ಎಂದು ಇನ್ನೊಂದು. ಎತ್ತರದ ಮೈಕಟ್ಟು, ಎಣ್ಣೆ ಹಚ್ಚಿ ಬಿಗಿದ ಜಡೆ, ನಮ್ಮ ಮಗ್ಗದಲ್ಲೇ ಇಳಿದ ಹತ್ತಿ ಸೀರೆ, ಸೆರಗಿನ ಅಂಚಿನಲ್ಲಿ ಸದಾ ಸುಣ್ಣದಕಡ್ಡಿಯ ಪುಡಿ. ನಾನು ಒಂಬತ್ತನೆಯ ತರಗತಿಯಲ್ಲಿ ಅವಳ ವಿದ್ಯಾರ್ಥಿನಿ. ಸಾಲೆಯಲ್ಲಿ ಅವಳನ್ನು ಎಲ್ಲರಂತೆ "ಅಕ್ಕೋರೆ" ಅನ್ನಬೇಕಿತ್ತು. ಬಾಯಿ ತಪ್ಪಿ "ಅತ್ತಿ" ಅಂದರೆ ಹಿಂದಿನ ಬೆಂಚಿನವರು ವಾರಗಟ್ಟಲೆ ನನ್ನನ್ನು "ಅತ್ತಿ ಸೊಸಿ" ಎಂದು ಕರೆದು ಕಾಡುತ್ತಿದ್ದರು.

ಅವಳ ಪಾಠ ಹೇಳುವ ರೀತಿ ಬೇರೆ ಯಾರಿಗೂ ಇರಲಿಲ್ಲ. ಮರುದಿನದ ಪಾಠವನ್ನು ಅವಳು ಸಂಜೆ ಮನೆಯಲ್ಲಿ ಜೋರಾಗಿ ಹೇಳಿ ನೋಡಿಕೊಳ್ಳುತ್ತಿದ್ದಳು. ಹೇಳಿ ನೋಡಲು ಬೇರೆ ಜಾಗವೆಲ್ಲಿತ್ತು? ನಾಲ್ಕು ಮಗ್ಗಗಳ ನಡುವಿನ ಆ ಓರೆ ದಾರಿಯಲ್ಲೇ ಹಿಂದೆ ಮುಂದೆ ಓಡಾಡುತ್ತ ಹೇಳಬೇಕು. ಮುತ್ಯಾನ ಮಗ್ಗ ಅವಳ ಕಿವಿಯ ಹತ್ತಿರ ಬಡಿಯುತ್ತಿತ್ತು. ಬಡಿತದ ಮೇಲೆ ಮಾತು ಬಿದ್ದರೆ ಕೇಳುವುದಿಲ್ಲ. ಹಾಗಾಗಿ ಎರಡು ಬಡಿತದ ನಡುವೆ ಎಷ್ಟು ಹಿಡಿಯುತ್ತದೋ ಅಷ್ಟೇ ಮಾತು, ಆಮೇಲೆ ಒಂದು ತಡೆ, ಮತ್ತೆ ಮಾತು. ವರ್ಷಗಟ್ಟಲೆ ಹಾಗೆ ರೂಢಿಯಾಗಿ ಮಗ್ಗವೇ ಇಲ್ಲದ ತರಗತಿಯಲ್ಲೂ ಅವಳು ಹಾಗೆಯೇ ಹೇಳುತ್ತಿದ್ದಳು. ಒಕ್ಕಲಿಗರ, ಕುರುಬರ ಮನೆಯ ಹುಡುಗರಿಗೆ ಮೊದಮೊದಲು ಅದು ವಿಚಿತ್ರ ಅನಿಸಿದರೂ ಆ ತಡೆಯಲ್ಲಿ ಬರೆದುಕೊಳ್ಳಲು ಸಮಯ ಸಿಗುತ್ತಿತ್ತು. ಯೋಚಿಸಲೂ ಸಿಗುತ್ತಿತ್ತು. ಅವಳ ತರಗತಿಯಲ್ಲಿ ದಡ್ಡರು ಕಡಿಮೆ ಇದ್ದದ್ದು ಅದಕ್ಕೇ ಇರಬೇಕೆಂದು ನನಗೆ ಈಗ ಅನಿಸುತ್ತದೆ.

ಆ ವರ್ಷ ಇತಿಹಾಸದಲ್ಲಿ ಅಮೇರಿಕಾದ ಸ್ವಾತಂತ್ರ್ಯ ಹೋರಾಟ, ಭೂಗೋಳದಲ್ಲಿ ಉತ್ತರ ಅಮೇರಿಕಾ. ಪುಸ್ತಕದಲ್ಲಿ ನಾಲ್ಕಾರು ಪುಟ. ಗೌರತ್ತಿ ಅದನ್ನು ಎರಡು ತಿಂಗಳು ಹೇಳಿದಳು. ಹದಿಮೂರು ವಸಾಹತು ಅಂದರೇನೆಂದು ತಿಳಿಯದೆ ನಾವು ಮುಖ ನೋಡಿದಾಗ ಅವಳು ಜಮಖಂಡಿಯ ರಾಜರನ್ನೂ ಮುಧೋಳದ ರಾಜರನ್ನೂ ಕರೆತಂದಳು. "ನಿಮ್ಮ ಮುತ್ಯಾಗೋಳ್ನ ಕೇಳ್ರಿ. ಇಲ್ಲಿಂದ ಒಂದು ಹರದಾರಿ ಹೋದ್ರ ಬ್ಯಾರೆ ರಾಜ, ಬ್ಯಾರೆ ಕಾಯ್ದೆ, ಬ್ಯಾರೆ ನಾಕಾ. ಅಂಥಾವು ಹದಿಮೂರು ಇದ್ವು ಅಂತ ತಿಳ್ಕೊಳ್ರಿ. ಅವೆಲ್ಲಾ ಒಂದ ಮನಿ ಅಂತ ಕುಂತ್ರ ಹೆಂಗ?" ನಾವು ನಿಜವಾಗಿಯೂ ಮನೆಗೆ ಹೋಗಿ ಕೇಳಿದೆವು. ಓಣಿಯ ಮುದುಕರೆಲ್ಲ ಸುಂಕ ವಸೂಲಿಯ ನಾಕಾ ಕಟ್ಟೆಗಳ ಕಥೆ ಹೇಳಿದರು. ಅಮೇರಿಕಾ ಎಂಬುದು ನಮ್ಮ ಊರಿನ ಹಳೆಯ ಮಾತುಗಳ ನಡುವೆ ಬಂದು ಕೂತದ್ದು ಹೀಗೆ.

ಮನೆಯ ಸಂಜೆಯ ಪಾಠಕ್ಕೆ ದೊಡ್ಡವರೂ ವಿದ್ಯಾರ್ಥಿಗಳೇ. ಹಡಗಿನಿಂದ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಚೆಲ್ಲಿದ ಪ್ರಸಂಗ ಬಂದ ದಿನ ಆಯಿ ರಾಟಿ ನಿಲ್ಲಿಸಿಬಿಟ್ಟಳು.

"ಅಷ್ಟೂ ಚಾ ಪುಡಿ ನೀರಿಗೆ ಸುರುವಿದ್ರ?"

"ಹೂಂ ಯವ್ವಾ. ಕರ ಹಾಕಿದ್ರು, ಅದಕ."

"ಕರ ಹಾಕಿದ್ರ ಹಾಕ್ಲಿ, ಅರ್ಧಾನರ ಮನಿಗೆ ಒಯ್ದು ಅರ್ಧಾ ಸುರವಬೇಕಿಲ್ಲ? ಗಂಡಸರ ಬುದ್ಧಿ ನೋಡು. ಮನ್ಯಾಗ ಚಾ ಸೋಸೂ ಹೆಂಗಸರನ್ನ ಒಂದ ಮಾತು ಕೇಳಿಲ್ಲ."

ಮುತ್ಯಾ ಇಂಥದಕ್ಕೆಲ್ಲ ನಗುತ್ತಿರಲಿಲ್ಲ. ಅವನು ಮಿತಮಾತಿನವನು, ಮಗಳ ಓದಿನ ಬಗ್ಗೆ ಅವನ ಅಭಿಪ್ರಾಯ ಒಂದೇ: ಓದಿದ್ದು ಸಾಕು. ಆದರೆ ಕೇಳಿಸಿಕೊಳ್ಳುತ್ತಿದ್ದ. ದಕ್ಷಿಣದ ಹತ್ತಿಯ ಹೊಲಗಳ ಪಾಠದ ದಿನ, ಜನರನ್ನು ದನದಂತೆ ಕೊಂಡು ತಂದು ಹತ್ತಿ ಬಿಡಿಸಲು ಹಚ್ಚುತ್ತಿದ್ದರು ಎಂದು ಗೌರತ್ತಿ ಹೇಳುತ್ತಿರುವಾಗ ಮೊದಲನೆಯ ಮಗ್ಗದ ಬಡಿತ ನಿಂತಿತು. ಅವಳು ರೂಢಿಯಂತೆ ಬಡಿತಕ್ಕಾಗಿ ತಡೆದಳು. ಅದು ಬರಲಿಲ್ಲ. ಮುತ್ಯಾ ಹಾಸಿನ ಎಳೆಗಳ ಮೇಲೆ ಅಂಗೈ ಊರಿಕೊಂಡು ಕೂತಿದ್ದ.

"ಆ ಹತ್ತಿ ಎಲ್ಲಿಗೆ ಹೋಗತಿತ್ತು?"

"ಮ್ಯಾಲ, ಉತ್ತರಕ್ಕ. ಅಲ್ಲಿ ಗಿರಣಿ ಊರು. ಹಡಗದ ಮ್ಯಾಲ ನಮ್ಮನ್ನ ಆಳಿದ ಬಿಳಿಮಂದಿ ದೇಶಕ್ಕೂ ಹೋಗತಿತ್ತು."

"ನೇಯೂ ಮಂದಿಗೆ ಗೊತ್ತಿತ್ತೇನು, ಅದನ್ನ ಯಾರು ಬಿಡಸ್ಯಾರಂತ?"

ಗೌರತ್ತಿ ಅವನ ಮಗ್ಗದ ಹತ್ತಿರ ಬಂದು, "ಕೆಲವರಿಗೆ ಗೊತ್ತಿತ್ತಪ್ಪಾ" ಎಂದಳು. ಮುತ್ಯಾ ಮತ್ತೆ ಲಾಳಿ ಎಸೆಯಲು ಬಹಳ ಹೊತ್ತು ಹಿಡಿಯಿತು.

ಅವಳು ಮಕ್ಕಳನ್ನು ಗಮನಿಸುತ್ತಿದ್ದ ಬಗೆಯನ್ನೂ ಹೇಳಬೇಕು. ನಮ್ಮ ತರಗತಿಯಲ್ಲಿ ಮಾಳವ್ವ ಎಂಬ ಹುಡುಗಿ ಇದ್ದಳು, ಬೀರೇಶ್ವರನ ಒಕ್ಕಲು, ಬೀಳಗಿ ಕಡೆಯಿಂದ ಬಂದ ಕುರಿಗಾರರ ಮನೆಯವಳು. ಬೇಸಿಗೆಯಲ್ಲಿ ಹಿಂಡಿನ ಜೊತೆ ಹೊರಟರೆ ತಿಂಗಳುಗಟ್ಟಲೆ ಇಲ್ಲ. ಹಾಜರಿ ಕರೆಯುವಾಗ ಉಳಿದ ಮೇಷ್ಟ್ರುಗಳು ಅವಳ ಹೆಸರು ಬಂದರೆ ಒಂದು ಚುಚ್ಚುಮಾತು ಸೇರಿಸಿಯೇ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಅಮೇರಿಕಾದ ನಡುವಿನ ಹುಲ್ಲುಗಾವಲಿನ ಪಾಠ ಬಂತು. ಕಾಡೆಮ್ಮೆಗಳ ಹಿಂಡು ಹೋದಲ್ಲೆಲ್ಲ ತಾವೂ ಡೇರೆ ಕಿತ್ತುಕೊಂಡು ಹೋಗುತ್ತಿದ್ದ ಅಲ್ಲಿನ ಮೂಲ ಜನರ ವಿಷಯ. ಗೌರತ್ತಿ ಪುಸ್ತಕ ಮುಚ್ಚಿ, "ಇದನ್ನ ನನಗಿಂತ ಛಲೋ ಮಾಳವ್ವ ಹೇಳ್ತಾಳ. ಎದ್ದೇಳವ್ವಾ. ಊರು ಬಿಟ್ಟು ಹೊಂಡೂ ಮುಂದ ಮೊದಲ ಏನು ಕಟ್ಟತೀರಿ?" ಎಂದು ಕೇಳಿದಳು. ಮಾಳವ್ವ ಮೊದಲು ನೆಲ ನೋಡಿದಳು. ಆಮೇಲೆ ಹೇಳತೊಡಗಿದಳು: ಕಂಬಳಿ, ಮರಿಗಳ ಜಾಳಿಗೆ, ನಾಯಿ ಎಲ್ಲಿ ನಡೆಯಬೇಕು, ನೀರು ಇರುವ ಜಾಗ ಯಾರಿಗೆ ನೆನಪಿರುತ್ತದೆ, ಕಳೆದ ಸಲ ಇಳಿದ ಹೊಲಕ್ಕೆ ಬೇಲಿ ಬಿದ್ದಿದ್ದರೆ ಏನು ಮಾಡುವುದು. ಗಂಟೆ ಬಾರಿಸಿದರೂ ಮುಗಿಯಲಿಲ್ಲ. ಆಮೇಲೆ ಆ ಜನರ ನೆಲಕ್ಕೆಲ್ಲ ಬೇಲಿ ಬಿದ್ದ ಕಥೆಯನ್ನು ಗೌರತ್ತಿ ಹೇಳಿದಾಗ ನಮಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಆ ಚಳಿಗಾಲದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಇನ್‌ಸ್ಪೆಕ್ಟರ್ ಸಾಹೇಬರು ಸಾಲೆಗೆ ಬರುತ್ತಾರೆ, ಕಾಯಂ ಇಲ್ಲದವರ ಪಾಠ ಕೂತು ನೋಡುತ್ತಾರೆ, ಅವರ ವರದಿಯ ಮೇಲೆ ಕಾಯಂ ಆಗುವುದು ಬಿಡುವುದು. ಇನ್ನೊಂದು, ಮುಧೋಳದಿಂದ ಗೌರತ್ತಿಗೆ ಒಂದು ಸಂಬಂಧ. ಒಳ್ಳೆಯ ಮನೆತನ, ಹೊಲ ಮನೆ ಉಂಟು. ಅವರದು ಒಂದೇ ಮಾತು: ಸೊಸೆ ಸಾಲೆಗೆ ಹೋಗುವಂತಿಲ್ಲ. ಗೌರತ್ತಿಗೆ ಆಗ ಮೂವತ್ತರ ಹತ್ತಿರ ಹತ್ತಿರ. ಮುತ್ಯಾ ಅವಳನ್ನು ಕರೆದು ಕೂಡಿಸಿಕೊಂಡ. ನಾನು ಆಯಿಯ ಪಕ್ಕದಲ್ಲಿ ಕಂಡಿಕೆ ಬುಟ್ಟಿ ಹಿಡಿದುಕೊಂಡು ಕೂತಿದ್ದೆ.

"ವರ್ಷಾ ವರ್ಷಾ ಬಾ ಅಂತಾರ, ಹೋಗು ಅಂತಾರ. ಇದೂ ಒಂದು ಕೆಲಸೇನವ್ವಾ?"

ಗೌರತ್ತಿ ಅಂಗೈ ನೋಡಿಕೊಂಡು ಹೇಳಿದಳು. "ಸಾಹೇಬ್ರು ಪಾಠ ನೋಡಿ ಹೋಗ್ಲಿ ಅಪ್ಪಾ. ಈ ಸಲ ಕಾಯಂ ಆದ್ರ ನನ್ನ ಸಾಲಿಗೆ ಬಿಡು. ಆಗಲಿಲ್ಲಂದ್ರ ನೀ ಹೇಳಿದ ಮನಿಗೆ ಹೋಗ್ತೀನಿ. ಮತ್ತ ಎದುರು ಮಾತಾಡೂದಿಲ್ಲ."

ಮುತ್ಯಾ ತಲೆಯಾಡಿಸಿ ಒಪ್ಪಿದ. ಮುಧೋಳದವರಿಗೆ ಪರೀಕ್ಷೆ ಮುಗಿಯುವವರೆಗೆ ತಾಳಿ ಎಂದು ಹೇಳಿ ಕಳಿಸಿದ್ದಾಯಿತು.

ಸಾಹೇಬರ ಎದುರು ಅವಳು ಹೇಳಬೇಕಾದದ್ದು ಅದೇ ಉತ್ತರ ಅಮೇರಿಕಾ. ನಕಾಶೆ ಇಲ್ಲದೆ ಭೂಗೋಳದ ಪಾಠ ಹೇಳುವಂತಿಲ್ಲ. ಸಾಲೆಯಲ್ಲಿದ್ದ ಒಂದೇ ನಕಾಶೆಯನ್ನು ಸಾಮಾನು ಖೋಲಿಯಿಂದ ತಂದು ಬಿಚ್ಚಿದರೆ, ಗೆದ್ದಲು ಅದರಲ್ಲಿ ಎರಡು ಸಾಗರ ಬಿಟ್ಟು ನಡುವಿನ ನೆಲವನ್ನೆಲ್ಲ ತಿಂದಿತ್ತು. ಹೆಡ್‌ಮಾಸ್ತರರು, "ಮುಂದಿನ ವರ್ಷ ನೋಡೂಣ್ರಿ" ಎಂದು ಕೈ ಝಾಡಿಸಿದರು. ಇನ್ನು ಗೌರತ್ತಿಗೆ ಚಿತ್ರದ ಕೈ ಇಲ್ಲ. ಅವಳು ಬೋರ್ಡಿನ ಮೇಲೆ ಬರೆದ ಅಮೇರಿಕಾ ಪ್ರತಿಸಲವೂ ಕೆಸರಿನಲ್ಲಿ ಮಲಗಿದ ಎಮ್ಮೆಯಂತೆ ಆಗುತ್ತಿತ್ತು. ಮನೆಯಲ್ಲಿ ಅವಳು ನಾಲ್ಕು ಹಾಳೆ ಹರಿದು ಐದನೆಯದನ್ನೂ ಮುದ್ದೆ ಮಾಡಿದಾಗ ಮುತ್ಯಾ ಕುಣಿಯೊಳಗಿಂದಲೇ ಕೈ ಚಾಚಿ, "ಪುಸ್ತಕ ತಾ ಇಲ್ಲಿ" ಎಂದ. ಅದರಲ್ಲಿನ ಚಿಕ್ಕ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿದ. "ಎಷ್ಟು ದಿನ ಐತಿ?" ಎಂದು ಕೇಳಿದ. ಎರಡು ವಾರವಿತ್ತು.

ಆಯಿಗೆ ತಡೆಯಲಾಗಲಿಲ್ಲ. "ಒಂದು ಕೈಲೆ ಮಗಳಿಗೆ ಸಾಲಿ ಬಿಡಸ್ತಿ, ಇನ್ನೊಂದು ಕೈಲೆ ಸಾಲಿಗೆ ನಕಾಶಿ ನೇಯ್ತಿ. ನಿನ್ನ ಲೆಕ್ಕ ಏನರ ಐತೇನು?"

"ನಕಾಶಿ ಬ್ಯಾರೆ, ಮದಿವಿ ಬ್ಯಾರೆ. ನೀ ಕಂಡಿಕಿ ಸುತ್ತು."

ಗೌರತ್ತಿ ಗ್ರಾಫ್ ಹಾಳೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿದಳು. ಚೌಕ ಎಣಿಸಿ ಬರೆಯುವುದಾದ್ದರಿಂದ ಈ ಸಲ ಎಮ್ಮೆಯಾಗಲಿಲ್ಲ. ಒಂದು ಚೌಕಕ್ಕೆ ಇಷ್ಟು ಎಳೆ ಎಂದು ಮುತ್ಯಾ ಗೊತ್ತು ಮಾಡಿಕೊಂಡ. ಸಾಲೆ ಬಿಟ್ಟು ಬಂದ ಮೇಲೆ ನಾನು ಪಕ್ಕದಲ್ಲಿ ಕೂತು ಚೌಕ ಓದಿ ಹೇಳಬೇಕು: ಹಸಿರು ಹನ್ನೆರಡು, ನೀಲಿ ಎರಡು, ಹಳದಿ ಏಳು. ಅವನು ಸೀರೆಯ ಮೇಲೆ ಹೂವಿನ ಬುಟ್ಟಾ ಎತ್ತುವ ಹಾಗೆ ಬಣ್ಣಬಣ್ಣದ ಕಂಡಿಕೆಗಳನ್ನು ಬೆರಳಿನಿಂದಲೇ ಎಳೆಗಳ ನಡುವೆ ಹಾಯಿಸುತ್ತಿದ್ದ. ಕೆಳಗಿನಿಂದ ನೇಯುತ್ತ ಮೇಲೆ ಹೋಗುವುದು. ಮೊದಲು ದಕ್ಷಿಣದ ತುದಿ, ಹತ್ತಿ ಬೆಳೆಯುವ ಬಿಳಿ ನಾಡು, ನಡುವೆ ಉದ್ದಕ್ಕೂ ಇಳಿದು ಬರುವ ದೊಡ್ಡ ನದಿಯ ನೀಲಿ ಗೆರೆ, ಆಮೇಲೆ ಗೋಧಿಯ ಹಳದಿ, ಪಡುವಣದ ಗುಡ್ಡಗಳ ಕಂದು. ನದಿ ಎಲ್ಲಿ ಹುಟ್ಟುತ್ತದೆ, ಆ ಗುಡ್ಡದಾಚೆ ಏನಿದೆ, ಅಲ್ಲಿ ಮಳೆ ಯಾಕಿಲ್ಲ ಎಂದು ಅವನು ಕೇಳುತ್ತಲೇ ಇದ್ದ. ನಮ್ಮ ಕೃಷ್ಣೆ ಪಡುವಣದಲ್ಲಿ ಹುಟ್ಟಿ ಮೂಡಣಕ್ಕೆ ಹೋಗುವವಳು. ಆ ನದಿ ಬಡಗಣದಿಂದ ತೆಂಕಣಕ್ಕೆ ಇಳಿಯುತ್ತದೆ ಎಂಬುದು ಅವನಿಗೆ ಬಹಳ ದಿನ ಸರಿಬರಲಿಲ್ಲ. "ನದಿ ಹಂಗೂ ಹರೀತಾವೇನು?" ಎಂದು ಮಗ್ಗ ನಿಲ್ಲಿಸಿ ಎರಡು ಸಲ ಕೇಳಿದ.

ಇಲ್ಲಿ ಒಂದು ಸಂಗತಿ ಹೇಳಬೇಕು. ಹೀಗೆ ಬುಟ್ಟಾ ನೇಯುವಾಗ ಬಟ್ಟೆಯ ಮುಖ ಯಾವಾಗಲೂ ಕೆಳಗೆ. ಎಳೆಗಳ ಜೋಲು, ಗಂಟುಗಳೆಲ್ಲ ನೇಕಾರನ ಕಣ್ಣೆದುರಿಗೆ. ಚೊಕ್ಕ ಬದಿ ಕುಣಿಯ ಕಡೆಗೆ. ಎಳೆ ತಪ್ಪಿದೆಯೋ ಎಂದು ನೋಡಬೇಕಾದರೆ ಕೆಳಗೆ ಒಂದು ಕನ್ನಡಿ ಹಿಡಿದು ನೋಡುತ್ತಾರೆ. ಮುತ್ಯಾನೂ ದಿನಾ ಕನ್ನಡಿ ಹಿಡಿದು ನೋಡುತ್ತಿದ್ದ, ನಮಗೂ ತೋರಿಸುತ್ತಿದ್ದ. ಕನ್ನಡಿಯಲ್ಲಿ ಅಮೇರಿಕಾ ಸರಿಯಾಗಿಯೇ ಕಾಣುತ್ತಿತ್ತು.

ಶನಿವಾರ ಮಧ್ಯಾಹ್ನ ನಕಾಶೆ ಮಗ್ಗದಿಂದ ಇಳಿಯಿತು. ಸೋಮವಾರ ಸಾಹೇಬರು ಬರುವುದು. ಮುತ್ಯಾ ಬಟ್ಟೆ ಕತ್ತರಿಸಿ, ಧೂಳು ಝಾಡಿಸಿ, ಮುಖ ಮೇಲೆ ಮಾಡಿ ಗೌರತ್ತಿಯ ಕೈಗೆ ಹಾಸಿದ. ಎಷ್ಟು ಚೆಂದ ಇತ್ತೆಂದರೆ ಓಣಿಯಿಂದ ಬಂದವರು ಮೊದಲು ಬೆರಳು ಒರೆಸಿಕೊಂಡು ಆಮೇಲೆ ಮುಟ್ಟಿದರು. ಒಂದು ಎಳೆ ಹೊರಗಿಲ್ಲ. ಆದರೆ ಗೌರತ್ತಿಯ ಬೆರಳು ಎಡದಂಚಿನ ಮೇಲೆ ನಿಂತಿತು. ನಾನೂ ನೋಡಿದೆ. ಬಲಕ್ಕಿರಬೇಕಾದ ಹದಿಮೂರು ವಸಾಹತುಗಳು ಎಡಕ್ಕಿದ್ದವು. ಕಂದು ಗುಡ್ಡಗಳು ಮೂಡಣಕ್ಕೆ ಬಂದು ನಿಂತಿದ್ದವು. ಹಾಳೆಯ ಮೇಲೆ ಕಂಡಂತೆ ಮೇಲ್ಬದಿಗೆ ನೇಯ್ದುಕೊಂಡು ಹೋದದ್ದರಿಂದ ಕೆಳಗಿನ ಮುಖ ತಿರುಗುಮುರುಗು. ಕನ್ನಡಿ ಅದನ್ನು ಮತ್ತೊಮ್ಮೆ ತಿರುಗಿಸಿ ದಿನಾ ನೆಟ್ಟಗೆ ತೋರಿಸಿತ್ತು.

ಮುತ್ಯಾ ಬಟ್ಟೆಯನ್ನು ಒಮ್ಮೆ ಮಗುಚಿ ನೋಡಿದ, ಮತ್ತೊಮ್ಮೆ ಮಗುಚಿದ. "ನಲವತ್ತು ವರ್ಷ ಹೂವು, ಗೋಪುರ, ತೇರು ನೇಯ್ದೆ" ಎಂದ. "ಅವಕ್ಕ ಎಡಾ ಬಲಾ ಅನ್ನೂದ ಇಲ್ಲ. ಯಾವ ಬಾಜೂಲೆ ನೋಡಿದ್ರೂ ಅವ. ದೇಶಕ್ಕ ಎಡಾ ಬಲಾ ಐತಂತ ನನಗ ಹೊಳೀಲಿಲ್ಲವ್ವಾ."

"ಇಡೀ ದೇಶಾನ ಹೊಳ್ಳಿಸಿ ಹಾಕಿದಿ" ಎಂದು ಆಯಿ ಶುರುಮಾಡಿದವಳು ಅವನ ಮುಖ ನೋಡಿ ಅಲ್ಲಿಗೇ ಬಿಟ್ಟಳು. ಅಂದು ಮುತ್ಯಾ ಊಟಕ್ಕೆ ಏಳಲಿಲ್ಲ. ಮಗಳ ಮುಂದಿನ ದಿನಗಳೆಲ್ಲ ತನ್ನ ಕೈತಪ್ಪಿನಿಂದ ತಿರುಗಿ ಬಿದ್ದವು ಎಂದು ಅವನಿಗೆ ಅನಿಸಿತ್ತೆಂಬುದು ಒಂಬತ್ತನೆಯ ತರಗತಿಯ ನನಗೂ ತಿಳಿಯಿತು.

ರವಿವಾರ ಬೆಳಿಗ್ಗೆ ಗೌರತ್ತಿ ಅಂಗಳದ ಬಿಸಿಲಿನಲ್ಲಿ ನಕಾಶೆಯ ಹಿಂಬದಿ ಮೇಲೆ ಮಾಡಿ ಹಾಸಿಕೊಂಡು ಕೂತಳು. ಆ ಬದಿಗೆ ದಿಕ್ಕುಗಳೆಲ್ಲ ಸರಿ ಇದ್ದವು, ಆದರೆ ತುಂಬ ಜೋತ ಎಳೆಗಳು. ಮುತ್ಯಾ ಕತ್ತರಿ ತಂದ. "ಎಳಿ ಕಡದು ಸಾಫ್ ಮಾಡಿ ಕೊಡ್ಲೇನು?" ಅವಳು ಅವನ ಕೈ ಹಿಡಿದು ಒಂದು ಎಳೆ ತೋರಿಸಿದಳು. ಕೆಳಗಿನ ಹತ್ತಿ ನಾಡಿನಿಂದ ಮೇಲಿನ ಬಲತುದಿಯವರೆಗೆ ಒಂದು ಬಿಳಿ ನೂಲು ಓರೆಯಾಗಿ, ಸಡಿಲಾಗಿ ಹಾಯ್ದಿತ್ತು.

"ಇದ್ಯಾಕ ಅಪ್ಪಾ ಇಷ್ಟು ದೂರ ಬಂದೈತಿ?"

"ಕೆಳಗ ಬಿಳಿ ಕೆಲಸ ಮುಗೀತು, ಕಂಡಿಕಿ ತುಂಬಿತ್ತು. ಮ್ಯಾಲ ಗಿರಣಿ ಊರಿಗೂ ಬಿಳೀದ ಹಾಕು ಅಂತ ನೀನ ಹೇಳಿದ್ಯಲ್ಲ. ಕಡದ್ರ ಗಂಟು ಬೀಳ್ತಾವ. ಅದಕ ಹಂಗ ಒಯ್ದೆ."

"ಕತ್ತರಿ ಒಳಗಿಡು" ಎಂದಳು ಗೌರತ್ತಿ.

ಸೋಮವಾರ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಕಪ್ಪು ಫೈಲು. ಹಿಂದಿನ ಬೆಂಚಿನಲ್ಲಿ ಕೂಡುವ ಮೊದಲೇ ನಕಾಶೆ ನೋಡಿ, "ಏನ್ರಿ ಇದು, ಹಿಂದು ಮುಂದಾಗಿ ತೂಗುಹಾಕೀರಿ?" ಎಂದರು.

"ಹೌದ್ರಿ ಸರ್. ಇದು ಹಿಂದಿನ ಬಾಜು. ಮುಂದಿನ ಬಾಜು ತಪ್ಪೈತ್ರಿ. ನೇಯೂದರಾಗ ತಪ್ಪಾತು." ಯಾರು ನೇಯ್ದದ್ದೆಂದು ಅವಳು ಹೇಳಲಿಲ್ಲ.

ಪಾಠ ಶುರುವಾಯಿತು. ಹದಿಮೂರು ವಸಾಹತು, ನದಿ, ಹುಲ್ಲುಗಾವಲು. ಅವಳ ತಡೆಗಳು ಸಾಹೇಬರಿಗೆ ಮೊದಲು ಹೊಸದೆನಿಸಿ ತಲೆ ಎತ್ತಿದರು, ಆಮೇಲೆ ಪೆನ್ನು ಕೆಳಗಿಟ್ಟರು. ನಡುವೆ ಅವರೇ ಎದ್ದು ಬಂದು ಆ ಬಿಳಿ ಎಳೆಯನ್ನು ಬೆರಳಿನಿಂದ ಎತ್ತಿ, "ಈ ದಾರ ಯಾಕೆ ಜೋತುಬಿದ್ದಿದೆ, ಯಾರು ಹೇಳುತ್ತೀರಿ?" ಎಂದು ಕೇಳಿದರು. ಗೌರತ್ತಿ ಇದನ್ನು ನಮಗೆ ಮೊದಲೇ ಹೇಳಿಕೊಟ್ಟಿರಲಿಲ್ಲ. ಬನಹಟ್ಟಿಯ ನೇಕಾರರ ಮಗಳು ಕಸ್ತೂರಿ ಕೈ ಎತ್ತಿದಳು.

"ಸರ್, ಕೆಳಗ ಹತ್ತಿ ಬೆಳೀತಾರ್ರಿ, ಮ್ಯಾಲ ಗಿರಣ್ಯಾಗ ನೇಯ್ತಾರ್ರಿ. ಎರಡಕ್ಕೂ ಒಂದ ಕಂಡಿಕಿ ನಡದೈತ್ರಿ. ಮುಂದಿನ ಬಾಜೂಲೆ ನೋಡಿದ್ರ ಕಾಣೂದಿಲ್ರಿ."

"ಇದನ್ನು ಕತ್ತರಿಸಿದರೆ?"

ಕಸ್ತೂರಿ ಗಾಬರಿಯಾಗಿ ಅರ್ಧ ಎದ್ದೇ ನಿಂತಳು. "ಕತ್ತರಸಬ್ಯಾಡ್ರಿ ಸರ್! ಎರಡೂ ಕಡೆ ಸಡಲತೈತ್ರಿ."

ಇಡೀ ತರಗತಿ ನಕ್ಕಿತು, ಸಾಹೇಬರೂ ನಕ್ಕರು. ಗೌರತ್ತಿ ನಗಲಿಲ್ಲ. ಆ ಎಳೆಯ ಕೆಳತುದಿಯ ಮೇಲೆ ಬೆರಳಿಟ್ಟು, ಅಲ್ಲಿ ಹತ್ತಿ ಬಿಡಿಸಿದವರ ಕಥೆ ಹೇಳಿದಳು. ಮೇಲ್ತುದಿಯ ಊರುಗಳು ತಮಗೂ ಅದಕ್ಕೂ ಸಂಬಂಧವಿಲ್ಲವೆಂದು ಎಷ್ಟೋ ಕಾಲ ಅಂದುಕೊಂಡದ್ದನ್ನು ಹೇಳಿದಳು. ಕೊನೆಗೆ ಒಂದೇ ದೇಶದವರು ಎರಡಾಗಿ ಕಾದಾಡಿದ್ದನ್ನು ಹೇಳಿದಳು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ನಾನು ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಮಾತಾಡುವುದನ್ನು ಕೇಳಿದ್ದೇನೆ. ಅಂಥ ಪಾಠ ಕೇಳಿಲ್ಲ.

ಆದರೆ ಕಾಯಂ ಆಗಲಿಲ್ಲ. ಸಾಹೇಬರು ಒಳ್ಳೆಯದನ್ನೇ ಬರೆದಿದ್ದರಂತೆ. ಆ ವರ್ಷ ಮಂಜೂರಾದದ್ದು ಒಂದೇ ಹುದ್ದೆ, ಅದು ಗಣಿತಕ್ಕೆ ಹೋಯಿತು. ಏಪ್ರಿಲ್‌ನ ಕಾಗದ ಹಿಡಿದು ಗೌರತ್ತಿ ಮನೆಗೆ ಬಂದಳು, ಕಾಲು ತೊಳೆದಳು, ಮುತ್ಯಾನ ಮಗ್ಗದ ಎದುರು ನಿಂತಳು. "ಆಗಲಿಲ್ಲಪ್ಪಾ. ಮುಧೋಳದವರಿಗೆ ಹೇಳಿ ಕಳಸು." ಅಷ್ಟೇ. ಒಳಗೆ ಹೋಗಿ ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಳು. ಅವಳು ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಮುತ್ಯಾ ಮಡಿಚಿಟ್ಟ ಧೋತರ ಉಟ್ಟು, ತಲೆಗೆ ಪಟಗ ಸುತ್ತಿ, ಯಾರಿಗೂ ಏನೂ ಹೇಳದೆ ಮುಧೋಳದ ಬಸ್ಸು ಹತ್ತಿದ. ಹೇಳಿ ಕಳಿಸಿದರೆ ಸಾಲದು, ತಾನೇ ಹೋಗಿ ಮಾತು ಮುಗಿಸಿ ಬರುತ್ತಾನೆ ಎಂದು ಎಲ್ಲರೂ ತಿಳಿದೆವು. ಆಯಿ ಶಾವಿಗೆ ಬಸಿಯಲು ಎಸರಿಟ್ಟಳು, ಶುಭದ ಸುದ್ದಿಗೆ ಸಿಹಿ ಬೇಕಲ್ಲ. ಮಧ್ಯಾಹ್ನ ಅವನು ತಿರುಗಿ ಬಂದ. ಬೆವರು ಒರೆಸಿಕೊಂಡು, ನೀರು ಕುಡಿದು, ಪಟಗ ಗೂಟಕ್ಕೆ ಹಾಕಿ ಕುಣಿಯೊಳಗೆ ಇಳಿದ.

"ಏನಂದ್ರು?" ಆಯಿ ಕೇಳಿದಳು.

"ಅವರೇನಂತಾರ, ನಾನ ಅಂದು ಬಂದೆ."

"ಏನಂತ?"

"ನಮ್ಮ ಹುಡುಗಿಗೆ ಬಿಡುವಿಲ್ಲ, ಸಾಲಿ ಐತಿ ಅಂತ."

ನಮ್ಮಪ್ಪನ ಮಗ್ಗವೂ ನಿಂತಿತು. ಗೌರತ್ತಿ ಬಾಗಿಲಿಗೆ ಬಂದಳು, ಕೈಯಲ್ಲಿ ಕೆಂಪು ಪೆನ್ಸಿಲು. "ಅಪ್ಪಾ, ನಾ ಮಾತು ಕೊಟ್ಟಿದ್ದೆ."

"ನಂಗ ಕೊಟ್ಟಿದ್ದಿ. ನಾ ಹೊಳ್ಳಿ ಕೊಟ್ಟೀನಿ. ಹೋಗು, ಪೇಪರ ತಿದ್ದು." ಎರಡು ಸಲ ಲಾಳಿ ಎಸೆದು, ತಲೆ ಎತ್ತದೆಯೇ ಕೇಳಿದ: "ಆ ಎರಡೂ ಕಡೆಯವರು ಕಾದಾಡಿ ಮುಗಿದ ಮ್ಯಾಲ ಒಂದಾದ್ರೇನು?"

ಗೌರತ್ತಿ ಅಂದು ಪಡಸಾಲೆಯಲ್ಲಿ ನಿಂತು ಅದರ ಮುಂದಿನ ಪಾಠ ಹೇಳಿದಳು. ಶಾವಿಗೆಯನ್ನು ಆಯಿ ಹೇಗೂ ಬಸಿದಿದ್ದಳು, ಎಲ್ಲರೂ ಉಂಡೆವು.

ಅವಳು ಮತ್ತೂ ಐದು ವರ್ಷ ಏಪ್ರಿಲ್‌ನಲ್ಲಿ ಬೇಡವಾಗಿ ಜೂನ್‌ನಲ್ಲಿ ಬೇಕಾಗುತ್ತ ಪಾಠ ಹೇಳಿದಳು. ಅಷ್ಟರಲ್ಲಿ ಓಣಿಯಲ್ಲಿ ಮೊದಲ ಪಾವರ್‌ಲೂಮು ಬಂತು, ನಮ್ಮ ಎರಡು ಕುಣಿಗಳಿಗೆ ಮಣ್ಣು ಬಿತ್ತು. ನಾಲ್ಕನೆಯ ವರ್ಷ ಮುತ್ಯಾ ಹೋದ. ಈಗ ಗೌರತ್ತಿಯೂ ಇಲ್ಲ, ಆಯಿಯೂ ಇಲ್ಲ, ಆ ಮನೆಯ ಜಾಗದಲ್ಲಿ ಮೂರು ಅಂಗಡಿಗಳ ಕಟ್ಟಡ ಎದ್ದಿದೆ. ಅವಳ ಕೈಯಲ್ಲಿ ಕಲಿತವರು ಸುತ್ತಲಿನ ಊರುಗಳಲ್ಲೆಲ್ಲ ಇದ್ದಾರೆ. ಬಸ್ಸಿನಲ್ಲಿ, ಸಂತೆಯಲ್ಲಿ, ದವಾಖಾನೆಯ ಸಾಲಿನಲ್ಲಿ ಯಾರಾದರೂ ಎರಡು ಮಾತಿಗೊಮ್ಮೆ ತಡೆದು ಮಾತಾಡಿದರೆ ನಾನು ತಿರುಗಿ ನೋಡುತ್ತೇನೆ.

ಕಾಯಂ ಆದ ಆರ್ಡರು ಬಂದದ್ದು ಮುತ್ಯಾ ಹೋದ ಮರುವರ್ಷ. ಅಂಚೆಯವನು ಕೊಟ್ಟ ಲಕೋಟೆಯನ್ನು ಗೌರತ್ತಿ ಪಡಸಾಲೆಯಲ್ಲಿ ನಿಂತು ಒಡೆದು ಓದಿದಳು. ಓದು ಬಾರದ ಆಯಿ ರಾಟಿ ಬಿಟ್ಟು ಎದ್ದು ಬಂದಳು. ಗಂಡನ ಹೆಸರನ್ನು ಅವಳು ಬದುಕಿನಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ.

"ಅದರಾಗ ನಿನ್ನ ಹೆಸರಿನ ಮುಂದ ಅವರ ಹೆಸರು ಹಾಕ್ಯಾರೇನು?"

"ಹಾಕ್ಯಾರವ್ವಾ."

"ಎಲ್ಲೈತಿ, ತೋರಸು."

ಗೌರತ್ತಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತನ್ನ ಹೆಸರಾದ ಮೇಲೆ ಟೈಪು ಮಾಡಿದ್ದ ಆ ನಾಲ್ಕು ಅಕ್ಷರ ತೋರಿಸಿದಳು. ಆಯಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಲ್ಲಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.